ಹವಾ ಹಾಕು

ನಮ್ಮ ಕಡೆ ಬಾಗಿಲು ಹಾಕು ಎಂದರೆ ಮುಚ್ಚಬೇಕು, ಫ್ಯಾನ್ ಹಾಕು ಎಂದರೆ ತಿರುಗಲು ಬಿಡಬೇಕು. ಮಾತು ಒಂದೇ, ಒಂದು ಕಡೆ ಮುಚ್ಚುತ್ತದೆ, ಇನ್ನೊಂದು ಕಡೆ ಬಿಡುತ್ತದೆ. ಹುಟ್ಟಿದಾಗಿನಿಂದ ಆಡಿಕೊಂಡು ಬಂದ ನಮಗೆ ಇದರಲ್ಲಿ ಏನೂ ತೊಡಕು ಕಂಡಿರಲಿಲ್ಲ. ಈ ಒಂದು ಮಾತಿನ ಮೇಲೆ ನಮ್ಮ ಮನೆಯ ಗಂಡಸರು ವಕೀಲರ ಹಾಗೆ ವಾದಕ್ಕೆ ಕೂಡುತ್ತಾರೆ, ಅದರ ಮೇಲೆ ಒಬ್ಬ ಹೆಣ್ಣುಮಗಳ ಸಂಸಾರ ತೂಗಾಡುತ್ತದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ, ಬ್ಯಾರೆ ಕೆಲಸ ಇಲ್ಲೇನ ನಿನಗ ಎಂದು ಎದ್ದು ಹೋಗುತ್ತಿದ್ದೆ.

ನಾನು ದಾನೇಶ್ವರಿ. ಕೃಷ್ಣಾ ನದಿಯ ದಂಡೆಯ ಸತ್ತಿಯಲ್ಲಿ ಗಿರಿಜವ್ವನ ಹಿರಿಯ ಸೊಸೆ. ನನ್ನ ಗಂಡ ದುಂಡೇಶ, ಮೈದುನ ಸಿದ್ದಲಿಂಗ, ಅವನ ಹೆಂಡತಿ ಪ್ರಾಜಕ್ತಾ. ಪ್ರಾಜಕ್ತಾಳ ತವರು ಕಾಗವಾಡ ದಾಟಿದ ಮೇಲೆ ಮಿರಜಿನ ಕಡೆಗೆ. ಮರಾಠಿಯಲ್ಲಿ ಬೆಳೆದವಳು, ಕನ್ನಡವನ್ನು ನಮ್ಮ ಅಡುಗೆಮನೆಯಲ್ಲಿ ಕಲಿತಳು. ಅತ್ತೆಯ ನಾಲಿಗೆಗೆ ಅವಳ ಹೆಸರು ಇವತ್ತಿಗೂ ಹತ್ತಿಲ್ಲ, ಪರಾಜಕ್ಕ ಎನ್ನುತ್ತಾರೆ. ಅವಳೂ ಓ ಎನ್ನುತ್ತಾಳೆ. ಅಷ್ಟು ಒಳ್ಳೆಯವಳಾಗಿ ಇರಬೇಡ ಎಂದು ನಾನು ಎಷ್ಟೋ ಸಲ ಹೇಳಿದ್ದೆ.

ನಮ್ಮದು ಕಬ್ಬಿನ ಹೊಲ, ಹೊಲದಲ್ಲೇ ಮನೆ, ಬೆಲ್ಲದ ಗಾಣ. ಬೆಲ್ಲ ಗಟ್ಟಿಯಾಗುವ ಮೊದಲಿನ ಪಾಕಕ್ಕೆ ಕಾಕವಿ ಎನ್ನುತ್ತೇವೆ. ಜೋಳದ ಭಕ್ಕರಿಯ ಜೊತೆ, ಚಪಾತಿಯ ಜೊತೆ ತಿನ್ನುತ್ತಾರೆ. ಈಗ ಊರ ಮಂದಿಗಿಂತ ಪುಣೆಯ ಮಂದಿಗೆ ಅದರ ಹುಚ್ಚು ಜಾಸ್ತಿ. ಹಾಗಾಗಿ ಸಿದ್ದಲಿಂಗ ಬಾಟಲಿ ತುಂಬುವ ಒಂದು ಮಷಿನ್ ತಂದು ಗಾಣದ ಪಕ್ಕದ ಶೆಡ್ಡಿನಲ್ಲಿ ಕೂರಿಸಿದ.

ಆ ಮಷಿನ್ನಿನ ಸಂಗತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅದಕ್ಕೆ ನಾಲ್ಕು ಬಾಯಿ. ಒಂದೊಂದು ಬಾಯಿಗೂ ರಬ್ಬರಿನ ಟೊಪ್ಪಿಗೆ. ಬಾಟಲಿಯ ಬಾಯಿಯ ಮೇಲೆ ಆ ಟೊಪ್ಪಿಗೆ ಬಿಗಿಯಾಗಿ ಕೂತರೆ ಒಂದು ಹನಿಯೂ ಹೊರಗೆ ಬರುವುದಿಲ್ಲ. ಟೊಪ್ಪಿಗೆಯೊಳಗೆ ಎರಡು ನಳಿಗೆ. ದಪ್ಪನೆಯದರಲ್ಲಿ ಪಂಪು ಬಿಸಿ ಕಾಕವಿಯನ್ನು ದೂಡುತ್ತದೆ. ಸಣ್ಣದರಲ್ಲಿ ಬಾಟಲಿಯೊಳಗಿನ ಗಾಳಿ ಹೊರಗೆ ಹೋಗುತ್ತದೆ. ಗಾಳಿ ಜಾಗ ಬಿಟ್ಟರೆ ತಾನೇ ಕಾಕವಿ ಒಳಗೆ ಬರುವುದು. ಒಳಗಿದ್ದವರು ಎದ್ದರೆ ಹೊರಗಿದ್ದವರು ಕೂಡುವುದು, ಲಗ್ನದ ಪಂಕ್ತಿಯ ಹಾಗೆ. ಆ ಸಣ್ಣ ನಳಿಗೆಗೆ ನಾವು ಹವಾ ಎಂದೇ ಕರೆಯುತ್ತಿದ್ದೆವು.

ಬಾಟಲಿ ತುಂಬುತ್ತ ಬಂದಂತೆ ಹವಾದಲ್ಲಿ ನೊರೆ ಬರುತ್ತದೆ, ಆಮೇಲೆ ಒಂದಿಷ್ಟು ಕಾಕವಿಯೂ ಬರುತ್ತದೆ. ಅದನ್ನು ಹಿಡಿಯಲು ಕೆಳಗೆ ಒಂದು ಪಾತ್ರೆ. ಮಷಿನ್ ಬಂದದ್ದೇ ಹಾಗೆ. ನಮ್ಮ ಅತ್ತೆಗೆ ಆ ಪಾತ್ರೆ ಕಣ್ಣಿಗೆ ಬಿದ್ದ ದಿನದಿಂದ ಸಮಾಧಾನವಿಲ್ಲ. ಗಾಣದ ಮನೆಯಲ್ಲೇ ಬೆಳೆದ ಜೀವ. ಕೊಪ್ಪರಿಗೆಯ ಅಂಚಿಗೆ ಹತ್ತಿದ್ದನ್ನೂ ಬೆರಳಿನಿಂದ ಬಳಿದು ಬಾಯಿಗಿಡುವವರು. ಬೆಲ್ಲ ಕಾಲಿಗೆ ಸಿಕ್ಕರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವವರು. "ತುಂಬೂ ಮಷಿನ್ ತಂದೀಯೋ, ಚೆಲ್ಲೂ ಮಷಿನ್ ತಂದೀಯೋ?" ಎಂದು ಸಿದ್ದಲಿಂಗನ ಬೆನ್ನು ಹತ್ತಿದರು. ನೊರೆಯ ಕಾಕವಿಯನ್ನು ಮತ್ತೆ ಕಾಸಿ ಉಪಯೋಗಿಸಬಹುದು ಎಂದರೂ ಕೇಳಲಿಲ್ಲ. ಕಡೆಗೆ ತಾವೇ ನಿಪ್ಪಾಣಿಗೆ ಹೋದಾಗ ನಲ್ಲಿಗೆ ಇರುವಂಥ ಹಿತ್ತಾಳೆಯ ಸಣ್ಣ ಚಾವಿಗಳನ್ನು ತಂದು ನಾಲ್ಕೂ ಹವಾಕ್ಕೆ ಕೂರಿಸಿದರು. ಗ್ಯಾಸ್ ಒಲೆಯ ಗುಬುಟಿಯ ಹಾಗೆ ಅತ್ತ ತಿರುವಿದರೆ ಬಂದ್, ಇತ್ತ ತಿರುವಿದರೆ ಚಾಲೂ. ಬಾಟಲಿ ತುಂಬಿತೆಂದರೆ ಪಂಪು ನಿಲ್ಲಿಸಿ, ನೊರೆ ಹೊರಗೆ ಬರದ ಹಾಗೆ ಚಾವಿ ತಿರುವುವುದು. ಮನೆಯಲ್ಲಿ ಯಾರೂ ಬೇಡ ಎನ್ನಲಿಲ್ಲ. ನಮ್ಮ ಮನೆಯಲ್ಲಿ ಅತ್ತೆಗೆ ಬೇಡ ಎನ್ನುವ ರೂಢಿ ಇಲ್ಲ.

ಪ್ರಾಜಕ್ತಾ ಒಬ್ಬಳೇ ಅಂದಳು, "ಅತ್ತಿ, ಪಂಪ ನಡದಾಗ ಇದನ್ನ ಮುಚ್ಚಿದ್ರ ಕಾಕವಿ ಎಲ್ಲಿ ಹೋಗಬೇಕ್ರಿ?"

"ನಿನ್ನ ತಲಿಮ್ಯಾಗ ಹೋಗ್ತೈತಿ" ಎಂದರು ಅತ್ತೆ. ಎಲ್ಲರೂ ನಕ್ಕೆವು. ಅವಳೂ ನಕ್ಕಳು.

ಆ ದಿನ ಬೆಳಗಿನಿಂದಲೇ ಅತ್ತೆಯ ಮೂಗಿನ ತುದಿಯ ಮೇಲೆ ಸಿಟ್ಟು. ಕಬ್ಬು ಹೊಸದು, ನೊರೆ ವಿಪರೀತ. ಅತ್ತೆ ಮಣೆಯ ಮೇಲೆ ಕೂತು ಬಾಟಲಿ ಇಡುತ್ತಿದ್ದರು. ಪ್ರಾಜಕ್ತಾ ಅವರ ಪಕ್ಕದಲ್ಲಿ ನಿಂತು ಪಂಪಿನ ಬಟನ್ನು, ಚಾವಿ ನೋಡಿಕೊಳ್ಳುತ್ತಿದ್ದಳು. ನಾನು ಅವರಿಗೆ ಬೆನ್ನು ಮಾಡಿ ಬಾಟಲಿಗೆ ಚೀಟಿ ಅಂಟಿಸುತ್ತಿದ್ದೆ. ಅಷ್ಟರಲ್ಲಿ ಪಾತ್ರೆ ತುಂಬಿ ನೆಲಕ್ಕೆ ಹರಿಯಿತು. ಅತ್ತೆಯ ಬಾಯಿ ಶುರುವಾಯಿತು. "ಕಣ್ಣ ಎಲ್ಲಿಟ್ಟೀ ಬೇ? ನಿಮ್ಮ ಮನ್ಯಾಗ ಹಿಂಗ ಚೆಲ್ಲಿ ಬದುಕ್ಯಾರೇನ?" ತವರಿನ ಮಾತು ಎತ್ತಿದ ಕೂಡಲೇ ಪ್ರಾಜಕ್ತಾ ಮರಾಠಿಯಲ್ಲಿ ಏನೋ ಗೊಣಗಿದಳು. ಅತ್ತೆಗೆ ಮರಾಠಿ ನಮ್ಮೆಲ್ಲರಿಗಿಂತ ಚೆನ್ನಾಗಿ ಬರುತ್ತದೆ ಎನ್ನುವುದು ಪಾಪ ಅವಳಿಗೆ ಸಿಟ್ಟಿನಲ್ಲಿ ನೆನಪಾಗಲಿಲ್ಲ. ಮತ್ತೊಂದು ಸುತ್ತು ಬೈಗುಳ. ಆಮೇಲೆ ಪಂಪಿನ ಸದ್ದು ಮಾತ್ರ ಉಳಿಯಿತು.

ಸ್ವಲ್ಪ ಹೊತ್ತಿಗೆ ಅತ್ತೆ ಕೂಗಿದರು. "ಹವಾ ಹಾಕ್ ಬೇ, ಹವಾ ಹಾಕ್!"

ಅದರ ಹಿಂದೆಯೇ ಬಾಟಲಿ ಒಡೆದ ಸದ್ದು. ತಿರುಗಿದೆ. ಅತ್ತೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದರು, ಬೆರಳ ಸಂದಿಯಿಂದ ಕಾಕವಿ ಇಳಿಯುತ್ತಿತ್ತು, ಅದರ ಜೊತೆ ಕೆಂಪಗೂ ಇಳಿಯುತ್ತಿತ್ತು. ಪ್ರಾಜಕ್ತಾಳ ಕೈ ಇನ್ನೂ ಚಾವಿಯ ಮೇಲಿತ್ತು. ಚಾವಿ ಬಂದ್ ಆಗಿತ್ತು. ಪಂಪು ನಡೆದೇ ಇತ್ತು. ನಾನು ಓಡಿ ಬಟನ್ನು ಒತ್ತಿ, ಕೊಡದ ನೀರನ್ನು ಅತ್ತೆಯ ಮುಖಕ್ಕೆ ಸುರಿದೆ. ಅತ್ತೆ ಅಳಲಿಲ್ಲ. ಯವ್ವಾ, ಯವ್ವಾ ಎಂದು ತಮ್ಮ ಸತ್ತ ತಾಯಿಯನ್ನು ಕರೆದರು.

ಅಥಣಿಯಲ್ಲಿ ನೋಡಿ ಮಿರಜಿಗೆ ಕಳಿಸಿದರು. ಕೆನ್ನೆ, ತುಟಿ, ಕೈ ಸುಟ್ಟಿದ್ದು ಮಾಯುತ್ತದೆ ಎಂದರು. ಬಲಗಣ್ಣಿಗೆ ಗಾಜು ಹೊಕ್ಕಿತ್ತು. ಅದರ ದೃಷ್ಟಿ ಬರುವುದಿಲ್ಲ ಎಂದರು.

ದವಾಖಾನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿ ನಿಂತಿದ್ದ ಪ್ರಾಜಕ್ತಾಳ ಹತ್ತಿರ ಸಿದ್ದಲಿಂಗ ಬಂದ. ನಾನು ಪಕ್ಕದಲ್ಲೇ ಇದ್ದೆ. ಹೆಂಡತಿಯ ಕೈಗೂ ಬೊಬ್ಬೆ ಎದ್ದಿತ್ತು, ಅದನ್ನು ನೋಡಲಿಲ್ಲ ಮಹಾರಾಯ. ಕೇಳಿದ್ದು ಇಷ್ಟೇ. "ಖರೇ ಹೇಳು. ಸಿಟ್ಟಿಗೆ ಮಾಡಿದಿ ಏನ?"

ಅವಳು ಅವನ ಮುಖವನ್ನೇ ನೋಡಿದಳು. "ಅವರು ಹಾಕ್ ಅಂದ್ರು. ನಾ ಹಾಕಿದ್ನಿ" ಎಂದಳು. ಆಮೇಲೆ ಅವನ ಜೊತೆ ಮಾತಾಡುವುದನ್ನೇ ಬಿಟ್ಟಳು. ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು ನನಗೆ. ಮೈದುನನಾದರೇನು, ನನಗಿಂತ ಚಿಕ್ಕವನು. ಆದರೆ ಒಳಗೆ ಅತ್ತೆ ಹಾಗೆ ಮಲಗಿದ್ದರು, ತಾಯಿಯ ಕಣ್ಣು ಹೋದ ಮಗ ಅವನು. ಸುಮ್ಮನಾದೆ.

ಅತ್ತೆಗೆ ಮಾತಾಡಲು ಬಂದ ದಿನ ದುಂಡೇಶ ಕೇಳಿದರು, "ಏನಾತಬೇ ಅವ್ವ?" ಸುಟ್ಟ ತುಟಿಯನ್ನು ಅಷ್ಟೇ ಅಲ್ಲಾಡಿಸಿ ಅತ್ತೆ ಹೇಳಿದರು, "ಹವಾ ಹಾಕ್ ಅಂದ್ನೆಪಾ." ಅಷ್ಟೇ. ಮುಂದೆ ಒಂದು ಅಕ್ಷರ ಆಡಲಿಲ್ಲ, ಗೋಡೆಯ ಕಡೆಗೆ ಹೊರಳಿದರು.

ಆ ಮೂರು ಮಾತನ್ನು ಹಿಡಿದುಕೊಂಡು ನಮ್ಮ ಮನೆಯಲ್ಲಿ ನ್ಯಾಯ ಕೂಡಿತು. ಅತ್ತೆಯ ತಮ್ಮ ಧರೆಪ್ಪ ಮಾವ ತೆಲಸಂಗದಿಂದ ಬಂದರು. ಧರೆಪ್ಪ ಮಾವ ಬಂದರೆಂದರೆ ಉಳಿದವರಿಗೆ ಬಾಯಿ ಇರುವುದಿಲ್ಲ, ಚಹಾದ ಕಪ್ಪುಗಳಿಗೂ ಪುರುಸೊತ್ತು ಇರುವುದಿಲ್ಲ.

"ಹವಾ ಹಾಕ್ ಅಂದ್ರ ಹವಾ ಬಿಡು ಅಂತ ಅರ್ಥ" ಎಂದರು ಮಾವ. "ಫ್ಯಾನ್ ಹಾಕ್ ಅಂದ್ರ ಯಾರರ ಫ್ಯಾನ್ ಬಂದ್ ಮಾಡ್ತಾರೇನ? ನಮ್ಮಕ್ಕ ಬಿಡು ಅಂದಾಳ, ಇಕಿ ಮುಚ್ಚ್ಯಾಳ. ಅದೂ ಜಗಳಾ ಆದ ಮ್ಯಾಲೆ. ತಿಳೀದಂಗ ಏನೈತಿ ಇದರಾಗ?"

ಬಾಗಿಲ ಹತ್ತಿರ ನಿಂತಿದ್ದ ಪ್ರಾಜಕ್ತಾ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಅಂದಳು, "ಬಾಗಲಾ ಹಾಕ್ ಅಂದ್ರ ಮುಚ್ಚತೀವಲ್ರಿ ಮಾವಾರ."

"ಹವಾಕ್ಕ ಎಲ್ಲಿ ಬಾಗಲಾ ಬಂತು?"

"ಅತ್ತಿ ತಾವ ಕೂಡಿಸ್ಯಾರಲ್ರಿ, ಚಾವಿ."

ಧರೆಪ್ಪ ಮಾವ, ಸೊಸೆಯಂದಿರು ಹಿರಿಯರ ನಡುವೆ ಮಾತಾಡುವ ಕಾಲ ಬಂತು ನೋಡು ಎಂದು ಬೇರೆ ದಾರಿ ಹಿಡಿದರು. ವಾದ ಮುಗಿದಲ್ಲಿ ವಯಸ್ಸು ಮುಂದೆ ಬರುತ್ತದೆ. ಇದು ನಾನು ಈ ಮನೆಯಲ್ಲಿ ಕಲಿತದ್ದು.

ಕಡೆಗೆ ನನ್ನನ್ನು ಕೇಳಿದರು. ಕೇಳಿದ್ದೇನು, ನೋಡಿದ್ದೇನು? ನಾನು ಕೇಳಿದ್ದು ಹವಾ ಹಾಕ್ ಎಂದು. ನೋಡಿದ್ದು ಬಂದ್ ಆದ ಚಾವಿ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದುಕೊಂಡು ಹೇಳಿದೆ, "ಯಾರದೂ ತಪ್ಪಿಲ್ರಿ. ಅತ್ತಿ ಬಿಡು ಅಂದಾರ, ಇಕಿಗೆ ಮುಚ್ಚು ಅಂತ ಕೇಳೇತಿ. ತಪ್ಪ ಆ ಮಾತಿಂದು."

ದುಂಡೇಶ ಉಸಿರು ಬಿಟ್ಟರು. ಹೌದ ಹೌದ, ಮರಾಠಿ ಹುಡುಗಿ, ತಿಳಿದಿಲ್ಲ ಅದಕ್ಕೆ ಎಂದರು. ಸಿದ್ದಲಿಂಗನ ಮುಖಕ್ಕೂ ಸ್ವಲ್ಪ ಜೀವ ಬಂತು. ಇದನ್ನು ಒಪ್ಪಿಬಿಟ್ಟರೆ ಎಲ್ಲರೂ ಉಳಿಯುತ್ತಾರೆ ಎಂದು ನಾನು ಪ್ರಾಜಕ್ತಾಳ ಕಡೆ ಕಣ್ಣು ಮಾಡಿದೆ. ಒಪ್ಪಿಕೋ ಮಾರಾಯ್ತಿ, ಒಂದು ಹೂಂ ಅನ್ನು.

"ಇಲ್ಲಕ್ಕಾ" ಎಂದಳು. "ನನಗ ಬರೋಬ್ಬರಿ ತಿಳದೈತಿ. ಅವರು ಮುಚ್ಚು ಅಂತನ ಅಂದಾರ. ನೊರಿ ನೆಲಕ್ಕ ಹರಿಯಾಕತ್ತಿತ್ತು, ಅದನ್ನ ನೋಡಿ ಅಂದಾರ. ಪಂಪ ನಿಂದ್ರಸ್ತೀನಿ ತಡೀರಿ ಅನ್ನಬೇಕಂದ್ನಿ. ಮುಂಜಾನಿಂದ ಬೈಸ್ಕೊಂಡು ಸಾಕಾಗಿತ್ತು. ಹೇಳಿದಂಗ ಮಾಡಿದ್ನಿ."

ಎಲುಬಿಲ್ಲದ ನಾಲಿಗೆಯನ್ನು ಬೇಕಾದ ಕಡೆ ಹೊರಳಿಸಬಹುದಿತ್ತು, ಅವಳು ಹೊರಳಿಸಲಿಲ್ಲ. ಕಣ್ಣು ಕಳಕೊಂಡ ಮುದುಕಿಯ ಮೇಲೆಯೇ ತಪ್ಪು ಹೊರಿಸುತ್ತಾಳೆ ಎಂದು ಧರೆಪ್ಪ ಮಾವ ಕಪ್ಪನ್ನು ನೆಲಕ್ಕೆ ಕುಕ್ಕಿದರು. ಸಿದ್ದಲಿಂಗ ಎದ್ದು ಹೊರಗೆ ಹೋದ. ಕೆಲವು ದಿವಸ ತವರಿಗೆ ಹೋಗಿ ಇರಲಿ ಎಂದು ತೀರ್ಮಾನವಾಯಿತು. ಕೆಲವು ದಿವಸ ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಹಾಗೆ ಹೋದವರ ಬಟ್ಟೆಯ ಟ್ರಂಕು ಆಮೇಲೆ ಯಾರದೋ ಟೆಂಪೋದಲ್ಲಿ ಹಿಂದೆ ಹೋಗುತ್ತದೆ.

ಈ ಎಲ್ಲ ಮಾತು ನಡೆದಾಗ ಅತ್ತೆ ಇನ್ನೂ ದವಾಖಾನೆಯಲ್ಲಿದ್ದರು. ಮನೆಗೆ ಬಂದ ಮೇಲೆ ನಾನೇ ಎಲ್ಲವನ್ನೂ ಹೇಳಿದೆ. ಕೇಳಿಸಿಕೊಂಡರು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅಣ್ಣ ಬರುವ ತನಕ ಮನೆಯಲ್ಲೇ ಇದ್ದ ಪ್ರಾಜಕ್ತಾ ತಂದ ಗಂಜಿಯನ್ನು ಕುಡಿದರು. ಅವಳು ಕಣ್ಣಿಗೆ ಔಷಧ ಬಿಡುವಾಗ ಸುಮ್ಮನೆ ತಲೆ ಎತ್ತಿ ಕೊಟ್ಟರು. ಯಾರ ಕೈ ತಮ್ಮ ಕಣ್ಣು ತೆಗೆಯಿತೋ ಆ ಕೈಗೆ ಕಣ್ಣು ಕೊಡುತ್ತಾರಲ್ಲ, ಇದೇನಿದು ಎಂದು ನನಗೆ ಆಗಲೇ ಅನ್ನಿಸಿತು. ಹೆದರಿಕೆ ಇಲ್ಲದವರು ಮಾತ್ರ ಹಾಗೆ ಕೊಡುತ್ತಾರೆ. ಅಥವಾ ಗೊತ್ತಿದ್ದವರು.

ಅವಳ ಅಣ್ಣ ಅಮೋಲ ಕರೆದೊಯ್ಯಲು ಬಂದ. ನಮ್ಮ ಪದ್ಧತಿಯಂತೆ ನೀರು, ಬೆಲ್ಲ ಕೊಟ್ಟೆ. ಮುಟ್ಟಲಿಲ್ಲ. ಧರೆಪ್ಪ ಮಾವನೂ ಬಂದು ಪಡಸಾಲೆಯಲ್ಲಿ ಅತ್ತೆಯ ಮಂಚದ ಹತ್ತಿರ ಕೂತಿದ್ದರು, ಸಿದ್ದಲಿಂಗ ಗೋಡೆಯ ಹತ್ತಿರ ನಿಂತಿದ್ದ. ಬಿಸಿಲು ಏರಿತ್ತು. ಪ್ರಾಜಕ್ತಾ ಬ್ಯಾಗು ಹಿಡಿದು ಒಳಗಿನಿಂದ ಬಂದಳು, ಬ್ಯಾಗನ್ನು ಹೊಸ್ತಿಲ ಹತ್ತಿರ ಇಟ್ಟು ಅತ್ತೆಯ ಕಾಲು ಮುಟ್ಟಿದಳು. ಅತ್ತೆ ಮುಖ ಆಚೆ ತಿರುಗಿಸಿದರು. ತೆರೆದ ಬಾಗಿಲಿನಿಂದ ಬಿಸಿಲು ನೇರ ಅವರ ಉಳಿದ ಕಣ್ಣಿಗೆ ಬಿತ್ತು. ಅಡ್ಡ ಕೈ ಹಿಡಿದು, ಇಷ್ಟು ವರ್ಷ ಅಂದಹಾಗೆ ಅಂದರು, "ಪರಾಜಕ್ಕ, ಆ ಬಾಗಲಾ ಹಾಕ್ ಬೇ."

ಪ್ರಾಜಕ್ತಾ ಹೋಗಿ ಬಾಗಿಲಿನ ಮೇಲೆ ಕೈ ಇಟ್ಟಳು. ಅಷ್ಟೇ. ಕೈ ಅಲ್ಲೇ ನಿಂತುಬಿಟ್ಟಿತು. ತಿರುಗಿ ಕೇಳಿದಳು, "ಅತ್ತಿ, ಮುಚ್ಚಲ್ಯೋ, ತೆರೀಲ್ಯೋ?"

ಕೊಂಕು ಇರಲಿಲ್ಲ ಆ ಮಾತಿನಲ್ಲಿ. ಕೊಂಕಾಗಿದ್ದರೆ ನನಗೆ ಗೊತ್ತಾಗುತ್ತಿತ್ತು, ಕೊಂಕು ಮಾತಿನಲ್ಲಿ ನಾನೇನು ಕಡಿಮೆಯವಳಲ್ಲ. ಬಾಗಿಲು ಹಾಕು ಎಂದರೆ ಏನು ಮಾಡಬೇಕು ಎನ್ನುವುದು ನಿಜವಾಗಿಯೂ ಅವಳಿಗೆ ತಿಳಿಯದಾಗಿತ್ತು. ಅಷ್ಟು ದಿನ ಎಲ್ಲರೂ ಸೇರಿ, ನಿನಗೆ ನಮ್ಮ ಮಾತು ತಿಳಿಯುವುದಿಲ್ಲ ಎಂದು ಹೇಳಿದ್ದೆವಲ್ಲ. ನಾನೂ ಹೇಳಿದ್ದೆ.



"ಮುಚ್ಚು" ಎಂದರು ಅತ್ತೆ. "ಅವತ್ತೂ ಮುಚ್ಚು ಅಂತನ ಅಂದಿದ್ನೆವಾ."

"ಅಕ್ಕಾ, ಏನ್ ಅನ್ನಾಕತ್ತೀ?" ಎಂದರು ಮಾವ.

"ಖರೇ ಅನ್ನಾಕತ್ತೀನಿ. ನೊರಿ ಹರಿಯೂದು ನೋಡಿ ಜೀವ ತಡೀಲಿಲ್ಲ. ಪಂಪ ನಡದೈತಿ ಅನ್ನೂದು ನೆನಪಿಲ್ಲ ನನಗ. ಚಾವಿ ಕೂಡಿಸಿದಾಕಿ ನಾನು. ಮುಚ್ಚು ಅಂದಾಕಿ ನಾನು." ಅತ್ತೆ ಸಿದ್ದಲಿಂಗನ ಕಡೆ ಕಣ್ಣು ಹೊರಳಿಸಿದರು. "ದವಾಖಾನ್ಯಾಗ ನೀವು ಕೇಳಿದ್ರಿ. ಹವಾ ಹಾಕ್ ಅಂದ್ನಿ ಅಂದೆ. ಸುಳ್ಳೇನ ಹೇಳಲಿಲ್ಲ. ಆದ್ರ ನೀವು ತಿರುವಿ ತಿಳ್ಕೊಂಡ್ರಿ, ನಾ ತಿರುವಿ ತಿಳ್ಕೊಳ್ಳಾಕ ಬಿಟ್ಟೆ. ಕಣ್ಣ ಹೋಗಿದ್ದ ಸಾಕು, ಬುದ್ಧಿಗೇಡಿ ಅಂತ ಬ್ಯಾರೆ ಅನಿಸ್ಕೊಳ್ಳೂದು ಬ್ಯಾಡಾಗಿತ್ತು."

ಸಿದ್ದಲಿಂಗ ತಲೆ ಎತ್ತಲಿಲ್ಲ. ಪ್ರಾಜಕ್ತಾ ಹೊಸ್ತಿಲು ದಾಟಿ ಹೊರಗೆ ನಿಂತು ಬಾಗಿಲನ್ನು ಎಳೆದುಕೊಂಡಳು. ಬಾಗಿಲು ಮುಚ್ಚಿತು. ಅವಳು ಹೊರಗೆ, ನಾವು ಒಳಗೆ ಕತ್ತಲಲ್ಲಿ. ಬ್ಯಾಗು ಒಳಗೇ ಇತ್ತು.

"ಹೋದಳೇನ?" ಎಂದರು ಅತ್ತೆ.

ಅಮೋಲ ಎದ್ದು ತಂಗಿಯ ಬ್ಯಾಗು ಎತ್ತಿಕೊಂಡು, ಮತ್ತೆ ಇಟ್ಟು, ಕೂತ. ಸಿದ್ದಲಿಂಗ ಬಾಗಿಲವರೆಗೆ ಹೋದ, ಚಿಲಕಕ್ಕೆ ಕೈ ಹಾಕಿದ, ಧೈರ್ಯ ಸಾಲದೆ ಹಾಗೇ ನಿಂತ. ತೆರಿಯೋ ಮೂಳ, ತೆರಿ ಎಂದು ನನ್ನ ಬಾಯಿಯವರೆಗೆ ಬಂದಿತ್ತು.

ಶೆಡ್ಡಿನ ಕಡೆಯಿಂದ ಕಬ್ಬಿಣ ಬಡಿದ ಸದ್ದು ಬಂತು. ನಿಂತಿತು. ಮತ್ತೆ ಬಂತು. ಎಲ್ಲರಿಗೂ ಕೇಳುತ್ತಿತ್ತು, ಯಾರಿಗೂ ಏನೆಂದು ತಿಳಿಯಲಿಲ್ಲ. ಸಾಕಷ್ಟು ಹೊತ್ತು ಹೋದ ಮೇಲೆ ಬಾಗಿಲು ತೆರೆಯಿತು. ಹೊಸ್ತಿಲ ಹತ್ತಿರ ನಿಂತಿದ್ದ ಗಂಡನನ್ನು ದಾಟಿ ಪ್ರಾಜಕ್ತಾ ಒಳಗೆ ಬಂದಳು. ಒಂದು ಕೈಯಲ್ಲಿ ನಟ್ಟು ಬಿಚ್ಚುವ ಪಾನಾ, ಇನ್ನೊಂದು ಕೈಯಲ್ಲಿ ಸೆರಗಿನ ಗಂಟು. ಮಂಚದ ಮೇಲೆ ಅತ್ತೆಯ ಕೈಯ ಹತ್ತಿರ ಸೆರಗು ಬಿಚ್ಚಿದಳು. ಹಿತ್ತಾಳೆಯ ಚಾವಿಗಳು, ನಾಲ್ಕೂ. ಒಂದಕ್ಕೆ ಅವತ್ತಿನ ಕಾಕವಿ ಒಣಗಿ ಕಪ್ಪಗೆ ಹತ್ತಿಕೊಂಡಿತ್ತು.

"ಇನ್ನ ಹಾಕೂದೂ ಇಲ್ಲ, ತೆಗಿಯೂದೂ ಇಲ್ರಿ ಅತ್ತಿ" ಎಂದಳು. "ಹವಾ ಯಾವತ್ತೂ ತೆರದನ ಇರ್ತೈತಿ. ಚೆಲ್ಲಿದ್ರ ಚೆಲ್ಲಲಿ."

ಅತ್ತೆ ತಡವಿ ಒಂದು ಚಾವಿಯನ್ನು ಎತ್ತಿಕೊಂಡರು. ಕಾಕವಿ ಒಣಗಿದ್ದು ಅದೇ. ಉಗುರಿನಿಂದ ಕೆರೆದರು. ಬೇರೆ ದಿನವಾಗಿದ್ದರೆ ಆ ಬೆರಳು ಬಾಯಿಗೆ ಹೋಗುತ್ತಿತ್ತು. ಅದನ್ನು ಸೀರೆಗೆ ಒರೆಸಿಕೊಂಡು, "ಚೆಲ್ಲಲೆವಾ" ಎಂದರು. ಅವರ ಉಳಿದ ಕಣ್ಣಿನಿಂದ ನೀರು ಇಳಿಯಿತು. ಇನ್ನೊಂದರಿಂದಲೂ ಇಳಿಯಿತು. ಕಾಣುವುದು ನಿಂತರೂ ಅಳುವುದು ನಿಲ್ಲುವುದಿಲ್ಲ ಎಂದು ನನಗೆ ಅವತ್ತೇ ಗೊತ್ತಾಗಿದ್ದು.

ಪ್ರಾಜಕ್ತಾ ಪಾನಾವನ್ನು ಕಿಟಕಿಯಲ್ಲಿಟ್ಟು ಅಣ್ಣನ ಕಡೆ ತಿರುಗಿದಳು. "ದಾದಾ, ಜೇವೂನ್ ಜಾ" ಎಂದಳು. ಊಟ ಮಾಡಿ ಹೋಗು ಎಂದು. ಹೋಗೋಣ ಅನ್ನಲಿಲ್ಲ, ಹೋಗು ಎಂದಳು. ಅಮೋಲ ತಂಗಿಯ ಮುಖ ನೋಡಿದ, ಹೂಂ ಎಂದು ಆಗ ನೀರಿನ ತಂಬಿಗೆ ಎತ್ತಿಕೊಂಡ.

ಸಿದ್ದಲಿಂಗ ಅವಳ ಬ್ಯಾಗನ್ನು ಎತ್ತಿ ಕೋಣೆಗೆ ಒಯ್ಯಲು ಹೋದ. ಅವಳು ಅವನ ಕೈಯಿಂದ ಅದನ್ನು ಬಿಡಿಸಿಕೊಂಡು ತಾನೇ ಒಯ್ದಳು. ನನ್ನ ಕೋಣೆಗೆ ಒಯ್ದಳು. ಅಂದಿನಿಂದ ನನ್ನ ಪಕ್ಕದಲ್ಲೇ ಮಲಗುತ್ತಿದ್ದಾಳೆ. ದುಂಡೇಶ ಪಡಸಾಲೆಯಲ್ಲಿ ತಮ್ಮನ ಜೊತೆ ಮಲಗುತ್ತಾರೆ. ಎಷ್ಟು ದಿನ ಎಂದು ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಫ್ಯಾನ್ ಹಾಕು ಎಂದರೆ ಈಗಲೂ ಅವಳ ಕೈ ಬಟನ್ನಿನ ಮೇಲೆ ಒಂದು ಗಳಿಗೆ ನಿಲ್ಲುತ್ತದೆ. ಆಗ ನಾನು ಹಾಕು ಅನ್ನುವುದನ್ನು ಬಿಟ್ಟು, "ತಿರಗಲಿ ಬಿಡವಾ" ಅನ್ನುತ್ತೇನೆ.